"ಅಪ್ಪನ ಹಾಗೆಯೇ" ಎಂದು ಸುಮ್ಮನಿರಬಹುದೇ?

ಅಮೆರಿಕದ ರೋಗ ನಿಯಂತ್ರಣ ಕೇಂದ್ರವು 2025ರ ಏಪ್ರಿಲ್‌ನಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, 2022ರಲ್ಲಿ ಆ ದೇಶದ ಆಯ್ದ ಪ್ರದೇಶಗಳಲ್ಲಿ ಎಂಟು ವರ್ಷ ಪ್ರಾಯದ 31 ಮಕ್ಕಳಲ್ಲಿ ಒಬ್ಬರಿಗೆ ಆಟಿಸಂ ಇತ್ತು. 2000ನೇ ಇಸವಿಯಲ್ಲಿ ಈ ಪ್ರಮಾಣ 150ಕ್ಕೆ ಒಬ್ಬರಾಗಿತ್ತು. ಅಂಕಿ ಹೊರಬಿದ್ದದ್ದೇ ತಡ, ಕಾರಣ ಹುಡುಕುವ ಗದ್ದಲ ಆರಂಭವಾಯಿತು. ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಅಲ್ಲಿನ ಅಧ್ಯಕ್ಷರೇ ಗರ್ಭಿಣಿಯರು ಪ್ಯಾರಾಸಿಟಮಾಲ್ ಸೇವಿಸಬಾರದೆಂದರು. ಇದಕ್ಕೆ ಖಚಿತ ಆಧಾರವಿಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳಿತು. ಲಸಿಕೆಯನ್ನು ದೂರಿದ 1998ರ ಲೇಖನವನ್ನು ಲ್ಯಾನ್ಸೆಟ್ ಪತ್ರಿಕೆ 2010ರಲ್ಲೇ ಹಿಂತೆಗೆದುಕೊಂಡಿದ್ದರೂ ಆ ಸುದ್ದಿ ವಾಟ್ಸಾಪ್‌ನಲ್ಲಿ ಈಗಲೂ ಸುತ್ತುತ್ತಿದೆ.

ಇಷ್ಟೆಲ್ಲದರ ನಡುವೆ ನಾವು ಗಮನಿಸದೆ ಬಿಟ್ಟ ವಿಷಯ ಮನೆಯೊಳಗೇ ಇದೆ. ಆಟಿಸಂನಲ್ಲಿ ವಂಶವಾಹಿಯ ಪಾಲು ಬಹಳ ದೊಡ್ಡದು. ಐದು ದೇಶಗಳ ಸುಮಾರು 20 ಲಕ್ಷ ಮಕ್ಕಳ ದಾಖಲೆಗಳನ್ನು ಪರಿಶೀಲಿಸಿದ 2019ರ ಅಧ್ಯಯನವು ಈ ಪಾಲನ್ನು ಶೇಕಡಾ 80ರಷ್ಟೆಂದು ಅಂದಾಜಿಸಿತು. ಹೀಗಿರುವಾಗ ಮಗುವಿನಲ್ಲಿ ಕಂಡದ್ದು ತಂದೆಯಲ್ಲಿಯೋ ತಾಯಿಯಲ್ಲಿಯೋ ಅಲ್ಪಸ್ವಲ್ಪವಾದರೂ ಕಂಡರೆ ಆಶ್ಚರ್ಯವಿಲ್ಲ.

ನಮ್ಮ ಕರಾವಳಿಯ ಮನೆಗಳಲ್ಲಿ ಇದಕ್ಕೊಂದು ಸಿದ್ಧ ಮಾತಿದೆ: "ಇವನ ಅಪ್ಪನೂ ಹಾಗೆಯೇ ಇದ್ದ, ಮೂರು ತುಂಬಿದ ಮೇಲೆ ಮಾತಾಡಿದ, ಈಗ ದುಬೈಯಲ್ಲಿ ಒಳ್ಳೆಯ ಕೆಲಸದಲ್ಲಿದ್ದಾನೆ." ಅಜ್ಜಿ ಇದನ್ನು ಸೊಸೆಯ ಸಮಾಧಾನಕ್ಕೆ ಹೇಳುತ್ತಾರೆ. ಆದರೆ ವೈದ್ಯರು ಕೇಳಬೇಕಾದ ಮುಖ್ಯ ಮಾಹಿತಿಯೇ ಅದು. ಅದನ್ನು ನೆಚ್ಚಿ ಕಾದು ಕುಳಿತಾಗ ಮಗುವಿನ ಎರಡು ಮೂರು ಅಮೂಲ್ಯ ವರ್ಷಗಳು ಕಳೆದುಹೋಗುತ್ತವೆ. ಹೆಸರು ಕರೆದರೆ ತಿರುಗದಿರುವುದು, ಬೇಕಾದುದನ್ನು ಬೆರಳಿನಿಂದ ತೋರಿಸದಿರುವುದು, ಬಂದ ಮಾತು ಹೋಗುವುದು, ಹಬ್ಬದ ಗರ್ನಾಲಿಗೆ ಕಿವಿ ಮುಚ್ಚಿ ಕಿರುಚುವುದು, ಅದೇ ತಟ್ಟೆ ಅದೇ ಊಟ ಬೇಕೆನ್ನುವುದು ಇವೆಲ್ಲ ಒಟ್ಟಾಗಿ ಕಂಡಾಗ ತೋರಿಸಿಕೊಳ್ಳುವುದೇ ಸರಿ.

ಹಾಗಾದರೆ ತಂದೆಯನ್ನು ಚಿಕ್ಕಂದಿನಲ್ಲಿ ಯಾರೂ ಗುರುತಿಸಲಿಲ್ಲವೇಕೆ? ಗುರುತಿಸಲು ಹೆಸರೇ ಇರಲಿಲ್ಲ. ಹ್ಯಾನ್ಸ್ ಆಸ್ಪರ್ಗರ್ 1944ರಲ್ಲಿ ಜರ್ಮನ್ ಭಾಷೆಯಲ್ಲಿ ಬರೆದದ್ದು ಇಂಗ್ಲಿಷ್ ಓದುವ ಜಗತ್ತಿನ ಗಮನಕ್ಕೆ ಬಂದದ್ದು 1981ರಲ್ಲಿ, ಬ್ರಿಟಿಷ್ ಮನೋವೈದ್ಯೆ ಲೋರ್ನಾ ವಿಂಗ್ ಅವರಿಂದ. ಅವರ ಸ್ವಂತ ಮಗಳಿಗೂ ಆಟಿಸಂ ಇತ್ತು. ಚೆನ್ನಾಗಿ ಮಾತನಾಡುವ, ಪರೀಕ್ಷೆಯಲ್ಲಿ ಮುಂದಿರುವ, ಆದರೆ ಜನರ ನಡುವೆ ದಾರಿ ತಪ್ಪಿದಂತಾಗುವವರೂ ಈ ಗುಂಪಿಗೆ ಸೇರುತ್ತಾರೆಂದು ವೈದ್ಯಲೋಕ ಒಪ್ಪಿದ್ದು ಅದರ ನಂತರ. ಇಂದು ನಲವತ್ತು ದಾಟಿದವರು ಶಾಲೆಗೆ ಹೋಗುತ್ತಿದ್ದಾಗ ಅಂಥವರಿಗೆ ನಾಚಿಕೆ ಸ್ವಭಾವ, ಅಹಂಕಾರಿ, ಒರಟ ಎಂಬ ಹೆಸರುಗಳಷ್ಟೇ ಇದ್ದವು. ಹುಡುಗಿಯರು ಇತರರನ್ನು ನೋಡಿ ಅನುಕರಿಸಿ ಮರೆಮಾಚುವುದು ಹೆಚ್ಚಾದ್ದರಿಂದ ಅವರು ಇನ್ನಷ್ಟು ತಡವಾಗಿ ತಿಳಿದುಬರುತ್ತಾರೆ, ಎಷ್ಟೋ ಸಲ ಖಿನ್ನತೆಗೆ ಔಷಧ ತೆಗೆದುಕೊಂಡ ಬಳಿಕ.

ಮಗುವಿಗಾಗಿ ವೈದ್ಯರು ಕೇಳುವ ಪ್ರಶ್ನೆಗಳಿಗೆ ಉತ್ತರಿಸುತ್ತಾ "ಇದು ನನ್ನದೇ ಕಥೆಯಲ್ಲವೇ" ಎಂದು ತಂದೆತಾಯಿಗೆ ಹೊಳೆಯುವುದು ಹೀಗೆ. ಮದುವೆ ರಿಸೆಪ್ಷನ್ ಮುಗಿಸಿ ಬಂದು ಎರಡು ದಿನ ಯಾರೊಂದಿಗೂ ಮಾತು ಬೇಡವೆನಿಸುವುದು, ಹೇಳಿದ ಸಮಯ ಬದಲಾದರೆ ತಡೆಯಲಾಗದ ತಳಮಳ. ಹಾಗೆಂದು ಮಿತಭಾಷಿಗಳೆಲ್ಲರಿಗೂ ಆಟಿಸಂ ಇದೆಯೆಂದಲ್ಲ. ಲಕ್ಷಣಗಳು ಬಾಲ್ಯದಿಂದಲೇ ಇರಬೇಕು, ಬದುಕಿಗೆ ತೊಡಕಾಗಿರಬೇಕು. ಮೊಬೈಲಿನಲ್ಲಿ ಹತ್ತು ಪ್ರಶ್ನೆಗೆ ಉತ್ತರಿಸಿ ತೀರ್ಮಾನಿಸುವ ವಿಷಯ ಇದಲ್ಲ. ವಯಸ್ಕರನ್ನು ಪರೀಕ್ಷಿಸಬಲ್ಲ ತಜ್ಞರು ನಮ್ಮಲ್ಲಿ ವಿರಳವೆಂಬುದೂ ನಿಜ.

ಈ ಪ್ರಾಯದಲ್ಲಿ ತಿಳಿದು ಏನು ಪ್ರಯೋಜನವೆಂದು ಕೆಲವರು ಕೇಳಬಹುದು. ಅಂಗಿಯ ಲೇಬಲ್ ಚುಚ್ಚುತ್ತದೆಂದು ಅಳುವ ಮಗಳಿಗೆ ಹೊಡೆಯುವ ಬದಲು ಲೇಬಲ್ ಕತ್ತರಿಸುವ ತಂದೆ, ತನಗೂ ಅದು ಚುಚ್ಚುತ್ತಿತ್ತೆಂದು ನೆನಪಿಸಿಕೊಂಡವನು. "ಕೆಲಸಕ್ಕೆ ಹೋಗುವ ತಾಯಿ, ಮೊಬೈಲು ಕೊಟ್ಟು ಹಾಳು ಮಾಡಿದಳು" ಎಂಬ ದೂರೂ ಆಗ ನಿಲ್ಲುತ್ತದೆ. ನಮ್ಮ ದೃಷ್ಟಿಯಲ್ಲಿ ಇದೊಂದೇ ಸಾಕಷ್ಟು ಪ್ರಯೋಜನ.

2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 21 ವಿಧಗಳಲ್ಲಿ ಆಟಿಸಂ ಸೇರಿದೆ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ಅಂಗನವಾಡಿ ಮತ್ತು ಸರಕಾರಿ ಶಾಲೆಗಳಲ್ಲಿ ಮಕ್ಕಳ ಉಚಿತ ತಪಾಸಣೆ ನಡೆಯುತ್ತದೆ. ಧರ್ಮಕೇಂದ್ರಗಳಲ್ಲಿ ಮೊದಲು ಕಾಣುವವರು ಕ್ರೈಸ್ತ ಶಿಕ್ಷಣದ ಶಿಕ್ಷಕರು ಮತ್ತು ವಾಳೆಯ ಗುರಿಕಾರರು. ಪೋಪ್ ಫ್ರಾನ್ಸಿಸ್‌ರವರು 2014ರ ನವೆಂಬರ್‌ನಲ್ಲಿ ಆಟಿಸಂ ಕುರಿತ ವ್ಯಾಟಿಕನ್ ಸಮ್ಮೇಳನದಲ್ಲಿ ಇಂಥ ಮಕ್ಕಳನ್ನೂ ಹೆತ್ತವರನ್ನೂ ಭೇಟಿಯಾಗಿದ್ದರು. ಆದರೂ ತೆನೆಹಬ್ಬದ ನೊವೆನಾದಲ್ಲಿ ಬೊಬ್ಬೆ ಹೊಡೆಯುವ ಮಗುವಿನ ತಾಯಿಯನ್ನು ನಾವು ತಿರುಗಿ ತಿರುಗಿ ನೋಡುವುದು ನಿಂತಿಲ್ಲ.

ವೈದ್ಯರಲ್ಲಿಗೆ ಹೋಗುವಾಗ ಸಾಧ್ಯವಾದರೆ ಅಜ್ಜಿಯನ್ನೂ ಕರೆದುಕೊಂಡು ಹೋಗುವುದು ಒಳ್ಳೆಯದು. ಮಗುವಿನ ಅಪ್ಪ ಎರಡು ವರ್ಷದವನಿದ್ದಾಗ ಹೇಗಿದ್ದನೆಂಬುದು ಅವರಿಗೇ ಚೆನ್ನಾಗಿ ಗೊತ್ತು.