2 ಎಲ್ಲಿ ಕೂರಬೇಕು?

ಬೊಮ್ಮಸಂದ್ರದ ಔಷಧ ಕಾರ್ಖಾನೆಗಳಲ್ಲಿ ದುಡಿಯುವ ಪೋಷಕರಿಗೆ ರಾಸಾಯನಿಕ ಸೂತ್ರ ಹೊಸದೇನಲ್ಲ. ಮಕ್ಕಳು ಅದನ್ನು ವಿಕಿ ಪುಟದಲ್ಲಿ ಬರೆಯಹೊರಟಾಗಲೇ ತೊಡಕು. 2ಎಚ್₂ಓ ನೋಡಿ. ಮೊದಲ 2 ನೀರಿನ ಅಣುಗಳ ಎಣಿಕೆ. ಅದು ಸಾಲಿನಲ್ಲೇ ಇರಬೇಕು. ಎರಡನೆಯದು ಪ್ರತಿ ಅಣುವಿನಲ್ಲಿರುವ ಹೈಡ್ರೋಜನ್ ಪರಮಾಣುಗಳದ್ದು, ಅದು ಕೆಳಗಿಳಿಯಬೇಕು. (ಅಕ್ಷರ ಸಂಕೇತಗಳನ್ನು 1813-14ರಲ್ಲಿ ತಂದ ಬರ್ಜೀಲಿಯಸ್ ಈ ಸಂಖ್ಯೆಯನ್ನು ಮೇಲೆ ಬರೆಯುತ್ತಿದ್ದ!) ವಿಕಿಪೀಡಿಯದಲ್ಲಿ ‘ಕೆಮ್’ ಎಂಬ ಟ್ಯಾಗಿನೊಳಗೆ ಸೂತ್ರವನ್ನು ಸುಮ್ಮನೆ ಟೈಪಿಸಿದರೆ ಸಾಕು, ಯಾವ 2 ಎಲ್ಲಿಗೆಂಬುದನ್ನು ಗಣಕವೇ ಅರಿತು ಕೂರಿಸುತ್ತದೆ.

ಅಕ್ಷರದ ಹೊಣೆ ಮಾತ್ರ ವಿದ್ಯಾರ್ಥಿಯದೇ. ಕನ್ನಡದಲ್ಲಿಲ್ಲದ ದೊಡ್ಡಕ್ಷರ, ಚಿಕ್ಕಕ್ಷರಗಳ ಭೇದ ಇಲ್ಲಿ ಬಹು ಮುಖ್ಯ. ಇಂಗ್ಲಿಷಿನ ದೊಡ್ಡ ಸಿ, ದೊಡ್ಡ ಓ ಸೇರಿದರೆ ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಾನಿಲ. ಓ ಚಿಕ್ಕದಾದರೆ ಕೋಬಾಲ್ಟ್ ಲೋಹ. ಗಣಕ ಎರಡನ್ನೂ ಅಷ್ಟೇ ಅಚ್ಚುಕಟ್ಟಾಗಿ ತೋರಿಸುತ್ತದೆ.