ಒಳಗೆ ಜಾಗವಿದೆ!

ಮನುಷ್ಯನ ವೇದಾಂತ ಬದಲಾಗಲು ಹಿಮಾಲಯಕ್ಕೆ ಹೋಗಬೇಕಾಗಿಲ್ಲ. ಬೆಳಗಿನ ಎಂಟು ಗಂಟೆಗೆ ಡೊಂಬಿವಲಿಯಲ್ಲಿ ಲೋಕಲ್ ಗಾಡಿ ಹತ್ತಿದರೆ ಸಾಕು. ಒಂದು ಕಾಲು ಡಬ್ಬಿಯಲ್ಲಿ, ಇನ್ನೊಂದು ಪ್ಲಾಟ್‌ಫಾರಂ ಮೇಲೆ ಇರುವವರೆಗೆ ನಾವು ಪರಮ ಸಮತಾವಾದಿಗಳು. "ಅಹೋ, ಆತ್ ಚಲಾ! ಒಳಗೆ ಬೇಕಾದಷ್ಟು ಜಾಗವಿದೆ!" ಎಂದು ಕೂಗುತ್ತೇವೆ. ಎರಡನೆಯ ಕಾಲೂ ಒಳಗೆ ಸೇರಿತೋ, ಕೋಪರ್ ಬರುವಷ್ಟರಲ್ಲಿ ಅದೇ ಬಾಯಿ, "ಎಲ್ಲಿ ಹತ್ತುತ್ತೀರಿ ಮಹರಾಯರೇ? ಹಿಂದಿನ ಗಾಡಿ ಖಾಲಿ ಬರುತ್ತಿದೆ" ಎನ್ನುತ್ತದೆ. ಆ ಖಾಲಿ ಗಾಡಿಯನ್ನು ಕಣ್ಣಾರೆ ಕಂಡ ಪುಣ್ಯಾತ್ಮರು ಈ ಲೈನಿನಲ್ಲಿ ಇನ್ನೂ ಹುಟ್ಟಬೇಕು.

1853ರ ಏಪ್ರಿಲ್ 16ರಂದು ಬೋರಿಬಂದರಿನಿಂದ ಠಾಣೆಗೆ ದೇಶದ ಮೊದಲ ಪ್ರಯಾಣಿಕರ ರೈಲು ಹೊರಟಾಗ 14 ಡಬ್ಬಿಗಳಲ್ಲಿ ಸುಮಾರು 400 ಮಂದಿ ಇದ್ದರಂತೆ. ಮರುವರ್ಷ ರೈಲು ಕಲ್ಯಾಣ ಮುಟ್ಟಿತು. ಇಂದು ಅಷ್ಟು ಮಂದಿ ಒಂದೆರಡು ಡಬ್ಬಿಗಳಲ್ಲೇ ಮುಗಿದುಹೋಗುತ್ತಾರೆ. ಮೂವರ ಬೆಂಚಿನಲ್ಲಿ ನಾಲ್ಕನೆಯವನು ಅರ್ಧ ಶರೀರವನ್ನು ಬೆಂಚಿಗೂ, ಉಳಿದರ್ಧವನ್ನು ದೇವರಿಗೂ ಒಪ್ಪಿಸಿ ಕೂಡುತ್ತಾನೆ.

ಆದರೆ ನಗೆಗೂ ಮಿತಿಯುಂಟು. 2025ರ ಜೂನ್ 9ರ ಬೆಳಿಗ್ಗೆ ಮುಂಬ್ರಾ ಬಳಿ ಕಿಕ್ಕಿರಿದ ಎರಡು ಗಾಡಿಗಳು ಎದುರುಬದುರು ಹಾದುಹೋಗುವಾಗ ಬಾಗಿಲಲ್ಲಿ ಜೋತಿದ್ದವರು ಕೆಳಗೆ ಬಿದ್ದರು. ಕೆಲವರು ಮನೆಗೆ ಮರಳಲೇ ಇಲ್ಲ. ಅಂದಿನಿಂದ "ಜಾಗವಿಲ್ಲ" ಎಂಬ ಮಾತು ನಮ್ಮ ಗಂಟಲಲ್ಲಿ ಮುಳ್ಳಾಗಿ ಸಿಕ್ಕಿಕೊಳ್ಳುತ್ತದೆ, ಗಾಡಿಯಲ್ಲಿ.

ಬಾಗಿಲು ಮನೆಗೂ ಉಂಟಷ್ಟೆ. ಮೊನ್ನೆ ಊರಿನಿಂದ ಗೆಳೆಯರ ಫೋನು ಬಂತು: "ಹುಡುಗಗ ವಾಶಿಯೊಳಗ ನೌಕರಿ ಸಿಕ್ಕದ. ಎರಡು ತಿಂಗಳು ನಿಮ್ಮಲ್ಲೇ ಇರಲೇನ್ರಿ?" ನಾವು ಗಂಟಲು ಸರಿಮಾಡಿಕೊಂಡು, ಮನೆ ಸಣ್ಣದೆಂದೂ, ದಿನವೂ ಠಾಣೆಯಲ್ಲಿ ಗಾಡಿ ಬದಲಾಯಿಸುವುದು ತಾಪತ್ರಯವೆಂದೂ, ಕೇವಲ ಹುಡುಗನ ಹಿತಕ್ಕಾಗಿ ವಿವರಿಸಿದೆವು. ಅಡಿಗೆಮನೆಯಿಂದ ನಮ್ಮ ಮನೆಯಾಕೆಯ ದನಿ ಬಂತು: "ಹಿಂದಿನ ಗಾಡಿ ಖಾಲಿ ಬರತದ ಅಂತ ಹೇಳಿಬಿಡ್ರಿ!"

ನಾವು ಈ ಕಡೆ ಬಂದಿಳಿದ ಮೊದಲ ರಾತ್ರಿ ನೆನಪಾಯಿತು. ಕಲ್ಯಾಣದ ಚಾಳಿನ ಒಂದೇ ಕೋಣೆಯಲ್ಲಿ ಆರು ಮಂದಿ ಮಲಗಿದ್ದರು. ಧಾರವಾಡದ ಕಡೆಯ ಹಿರಿಯರೊಬ್ಬರು, "ಸ್ವಲ್ಪ ಸರೀರಿ, ಇವರೂ ಮಲಗಲಿ" ಎಂದರು. ಆರೂ ಮಂದಿ ಕಣ್ಣು ತೆರೆಯದೆಯೇ ಸರಿದರು. ನಾವು ಯಾರ ಮಗ, ಯಾವ ಜಾತಿ ಎಂದು ಬೆಳಗಾಗುವವರೆಗೂ ಯಾರೂ ಕೇಳಲಿಲ್ಲ.

ತಿರುಗಿ ಫೋನು ಮಾಡಿದೆವು. ಹುಡುಗ ಬಂದಿದ್ದಾನೆ. ನಡುಮನೆಯಲ್ಲಿ ಮಲಗುತ್ತಾನೆ, ಗೊರಕೆ ತುಸು ಜೋರು. ಎಂಟು ದಿನ ಲೋಕಲ್ಲಿನಲ್ಲಿ ಓಡಾಡಿ, ನಿನ್ನೆ ಸಂಜೆ ಬೂಟು ಬಿಚ್ಚುತ್ತ ಕೇಳಿದ: "ಕಾಕಾ, ಈ ಊರಾಗ ಹೊರಗಿನ ಮಂದಿ ಭಾಳ ಆಗ್ಯಾರಲ್ರೀ?"

ಅವನ ಎರಡನೆಯ ಕಾಲೂ ಒಳಗೆ ಬಂತೆಂದು ನಮಗೆ ಸಮಾಧಾನವಾಯಿತು.