ಗಂಗೂಬಾಯಿಯವರಿಗೆ ಪ್ರವೇಶವಿಲ್ಲ

ಗಂಗೂಬಾಯಿ ಹಾನಗಲ್ ಶಾಲೆ ಕಲಿತದ್ದು ಪ್ರಾಥಮಿಕದವರೆಗೆ. ಹಾಡು ಕಲಿತದ್ದು ಕುಂದಗೋಳದ ಸವಾಯಿ ಗಂಧರ್ವರ ಬಳಿ. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯ ಅವರನ್ನು ಗೌರವ ಪ್ರಾಧ್ಯಾಪಕಿಯನ್ನಾಗಿ ಮಾಡಿಕೊಂಡಿತು. ಮೈಸೂರಿನ ಸಂಗೀತ ವಿಶ್ವವಿದ್ಯಾಲಯಕ್ಕೆ ಅವರದೇ ಹೆಸರು. ಅಂಥವರು ಇವತ್ತು ಎಂ.ಎ. ಸಂಗೀತಕ್ಕೆ ಅರ್ಜಿ ಹಾಕಿದರೆ? ಪದವಿಯ ಅಂಕಪಟ್ಟಿ ಎಲ್ಲಿ ಎಂದು ಕೇಳಿ ವಾಪಸ್ ಕಳಿಸುತ್ತೇವೆ.

ಓದು ಬೇಡವೆಂದು ನಾನು ಹೇಳುತ್ತಿಲ್ಲ. ಶಾಸ್ತ್ರ, ಇತಿಹಾಸ, ಸಂಶೋಧನೆ ಎಲ್ಲವೂ ಬೇಕು. ಆದರೆ ಅವನ್ನು ಒಳಗೆ ಬಂದ ಮೇಲೆ ಕಲಿಸಬಹುದು. ಗುರುವಿನೆದುರು ವರ್ಷಗಟ್ಟಲೆ ಕೂತು ಪಳಗಿದ ಕಂಠವನ್ನು ನಾಲ್ಕು ಸೆಮಿಸ್ಟರಿನಲ್ಲಿ ಕೊಡಲಾಗದು. ಪದವಿ ಇಲ್ಲದವರನ್ನೂ ಒಂದು ಗಂಟೆ ಹಾಡಿಸಿ, ಪ್ರಶ್ನೆ ಕೇಳಿ, ಆಮೇಲೆ ನಿರ್ಧರಿಸಿ. ಹಾಡು ಕೇಳುವ ಮೊದಲೇ ಬಾಗಿಲು ಹಾಕುವುದು ಸಂಗೀತ ವಿಭಾಗಕ್ಕೆ ಶೋಭೆಯಲ್ಲ.